ಕುಡುಮಲಕುಂಟೆ ಗೇಟಿನ ಕ್ಯಾಮೆರಾ

"ಮೇಡಂ, ಚೈತನ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಯಾರೋ ತಲೆಗೆ ಹೊಡೆದು ಕ್ಯಾಮೆರಾದ ಮೆಮೊರಿ ಕಾರ್ಡ್ ತಗೊಂಡು ಹೋಗಿದ್ದಾರೆ," ಎಂದು ಹರಿತಾ ಬಿಕ್ಕಿದಳು.

ಗೌರಿಬಿದನೂರಿನಲ್ಲೇ ನೆಲೆಸಿದ್ದ ನಿವೃತ್ತ ಇನ್ಸ್‌ಪೆಕ್ಟರ್ ಗಂಗುಲಮ್ಮನವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಅವರ ಕೇಸುಗಳಿಗೆ ಮೊದಲಿನಿಂದ ಫೋಟೋ ತೆಗೆದವನು ಸ್ಟುಡಿಯೋದ ಬಷೀರ್ ಅಹಮದ್, ಅಂದರೆ ನಾನೇ.

ಹರಿತಾ, ಚೈತನ್ಯ ಇಬ್ಬರೂ ಇಂಜಿನಿಯರುಗಳು. ರೈಲು ಹಳಿಯ ಮೇಲೆ ಒಂದೇ ಮೇಲ್ಸೇತುವೆ ಮಂಜೂರಾಗಿತ್ತು. ಅದು ಊರೊಳಗಿನ ಗೇಟಿಗೋ, ಕುಡುಮಲಕುಂಟೆ ಕಾರ್ಖಾನೆಗಳ ಗೇಟಿಗೋ ಎಂಬುದನ್ನು ಅವರು ಹೇಳಬೇಕಿತ್ತು. ಖರ್ಚು, ಉಳಿಯುವ ಸಮಯ, ಹೋಗುವ ಜಮೀನು, ಜನರ ಸುರಕ್ಷತೆ ಎಲ್ಲಕ್ಕೂ ತೂಕ ಕೊಟ್ಟು ಅಂಕ ಹಾಕುವ ಕೆಲಸ. ಅವರ ಮುಖ್ಯಸ್ಥ ಮೋಹನ್‌ಬಾಬು, ಎರಡೂ ಕಡೆ ವಾಹನ ಎಣಿಸಿ, ಊರೊಳಗಿನ ಗೇಟೇ ಸರಿಯೆಂದು ಆಗಲೇ ವರದಿ ಕೊಟ್ಟಿದ್ದ.

"ವಾಹನ ಎಣಿಸಿದ್ದು ಯಾವತ್ತಮ್ಮ?" ಎಂದು ಗಂಗುಲಮ್ಮನವರು ಕೇಳಿದರು.

"ವಿಜಯದಶಮಿ ದಿನ. ಅದಕ್ಕೇ ಚೈತನ್ಯ ಮತ್ತೆ ಎಣಿಸೋಣ ಅಂತ ಕಾರ್ಖಾನೆ ಗೇಟಲ್ಲಿ ಕ್ಯಾಮೆರಾ ಹಾಕಿದ್ದು. ಅದರ ಪೆಟ್ಟಿಗೆಗೆ ಎರಡೇ ಕೀ, ಒಂದು ಮೋಹನ್‌ಬಾಬು ಸರ್ ಹತ್ರ. ನಮ್ದು ನಿನ್ನೆ ನನ್ನ ಹತ್ರಾನೇ ಇತ್ತು. ನಾನು ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಧಿಕಾರಿಗಳ ಮೀಟಿಂಗಲ್ಲಿದ್ದೆ, ಬೆಳಿಗ್ಗೆ ಬಂದು ಬೀಗ ತೆಗೆದ್ರೆ ಕಾರ್ಡ್ ಇರಲಿಲ್ಲ."

ಮೊದಲು ಠಾಣೆಗೆ ಹೋದೆವು. ಕಾರ್ಖಾನೆ ಗೇಟಿನ ಪಕ್ಕದ ಜಮೀನಿನ ಒಡೆಯ ವೆಂಕಟರಾಮಪ್ಪ ಪೊಲೀಸರ ಅನುಮಾನಕ್ಕೆ ಸಿಕ್ಕಿ ಅಲ್ಲಿ ಕೂತಿದ್ದರು. ಸೇತುವೆ ಬಂದರೆ ಜಮೀನು ಹೋಗುತ್ತದೆಂದು ಚೈತನ್ಯನ ಮೇಲೆ ಕೂಗಾಡಿದ್ದವರು ಅವರೇ. ಬೆಳಿಗ್ಗೆ ಗೇಟಿನ ಬಳಿ ಬಿದ್ದಿದ್ದ ಅವನನ್ನು ನೋಡಿ ಆಸ್ಪತ್ರೆಗೆ ಸಾಗಿಸಿದವರೂ ಅವರೇ.

"ಬೈದಿದ್ದು ನಿಜ ಕಣಮ್ಮ, ಹೊಡೀಲಿಲ್ಲ," ಎಂದರು. "ನಿನ್ನೆ ಸಾಯಂಕಾಲ ಸಿಗ್ನಲ್ ಕೆಟ್ಟು ಗೂಡ್ಸ್ ಗಾಡಿ ಗೇಟಿಗೆ ಅಡ್ಡ ನಿಂತ್ಬಿಡ್ತು. ಎಂದೂ ಅಲ್ಲಿ ನಿಂತಿದ್ದಿಲ್ಲ. ಶಿಫ್ಟ್ ಬಿಟ್ಟ ಹೆಣ್ಮಕ್ಕಳು ಗಾಡಿ ಕೆಳಗೇ ನುಸುಳಿದ್ರು. ನೋಡಕ್ಕಾಗ್ದೆ ಮನೆಗೆ ಹೋದೆ."

ಗೇಟಿನ ಬಳಿ ಕ್ಯಾಮೆರಾ ಕಂಬದ ಪೆಟ್ಟಿಗೆಯನ್ನು ನಾನು ಫೋಟೋ ತೆಗೆದೆ. ಗೀರು ಕೂಡ ಇರಲಿಲ್ಲ, ಬೀಗ ಹಾಕಿಯೇ ಇತ್ತು. ಅಷ್ಟರಲ್ಲಿ ಮೋಹನ್‌ಬಾಬುವಿನ ಕಾರು ಬಂದು ನಿಂತಿತು.

"ಸುದ್ದಿ ಕೇಳಿ ಬೆಂಗಳೂರಿಂದ ಸೀದಾ ಬರ್ತಿದೀನಿ. ನನ್ನ ಕೀ ಆಫೀಸಿನ ಡ್ರಾಯರಲ್ಲೇ ಇದೆ," ಎಂದ. "ಈ ಹುಡುಗನಿಗೆ ಮೊದಲೇ ಹೇಳಿದ್ದೆ. ಗೂಡ್ಸ್ ಗಾಡಿ ಕೆಳಗೆ ನುಸುಳೋರನ್ನೆಲ್ಲ ಯಾವ ಲೆಕ್ಕಕ್ಕೆ ಸೇರಿಸ್ತೀಯಾ ಅಂತ."

ಮಧ್ಯಾಹ್ನ ಗಂಗುಲಮ್ಮನವರು ಎಲ್ಲರನ್ನೂ ಅದೇ ಕಂಬದ ಬಳಿ ಸೇರಿಸಿದರು. ಪೊಲೀಸರ ಜೊತೆ ವೆಂಕಟರಾಮಪ್ಪನವರೂ ಬಂದರು.

"ವೆಂಕಟರಾಮಪ್ಪನೋರು ಕೋಪದಲ್ಲಿ ಬಂದಿದ್ರೆ ಪೆಟ್ಟಿಗೆ ಒಡೀತಿದ್ರು," ಎಂದು ಗಂಗುಲಮ್ಮನವರು ಶುರುಮಾಡಿದರು. "ಇದನ್ನ ಕೀ ಹಾಕಿ ತೆಗೆದು, ಮತ್ತೆ ಬೀಗ ಹಾಕಿದ್ದಾರೆ. ಹರಿತಾ ಕೀ ಚಿಕ್ಕಬಳ್ಳಾಪುರದಲ್ಲಿತ್ತು. ಉಳಿದದ್ದು ಒಂದೇ. ಇನ್ನು ಮೋಹನ್‌ಬಾಬು ಅವರೇ, ಗೂಡ್ಸ್ ಇಲ್ಲಿ ನಿಂತಿದ್ದು ನಿನ್ನೆ ಸಾಯಂಕಾಲ ಮಾತ್ರ. ಬೆಂಗಳೂರಲ್ಲಿದ್ದ ನೀವು ಅದನ್ನ ಚೈತನ್ಯನಿಗೆ 'ಮೊದಲೇ' ಹೇಗೆ ಹೇಳಿದ್ರಿ?"

ಮೋಹನ್‌ಬಾಬು ತುಟಿ ಸವರಿಕೊಂಡ. "ಯಾರೋ ಹೇಳಿದ್ರು..."

"ಕಾರಿನ ಕೀ ಗೊಂಚಲು ಕೊಡಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಾನ್‌ಸ್ಟೇಬಲ್ ಗೊಂಚಲು ಕಿತ್ತುಕೊಂಡ. ಅದರಲ್ಲಿದ್ದ ಸಣ್ಣ ಹಿತ್ತಾಳೆ ಕೀ ಪೆಟ್ಟಿಗೆಯ ಬೀಗಕ್ಕೆ ಹೊಕ್ಕು ತಿರುಗಿತು.

"ಕಾರ್ಖಾನೆಗಳೆಲ್ಲ ಮುಚ್ಚಿರೋ ಹಬ್ಬದ ದಿನ ಎಣಿಸಿದ್ರಿ," ಗಂಗುಲಮ್ಮನವರ ದನಿ ಗಡುಸಾಯಿತು. "ಅದೂ ವಾಹನ ಮಾತ್ರ. ನಡೆದು ದಾಟೋರ ಜೀವಕ್ಕೂ ತೂಕ ಕೊಟ್ಟಿದ್ರೆ ಈ ಗೇಟೇ ಗೆಲ್ತಿತ್ತು, ನಿಮ್ಮ ಹೆಸರು ಹಾಳಾಗ್ತಿತ್ತು. ಕಾರ್ಡ್ ಕದಿಯಕ್ಕೆ ಬಂದ್ರಿ, ಚೈತನ್ಯ ಕಣ್ಣಾರೆ ನೋಡ್ಬಿಟ್ಟ."

"ಸಾಯಿಸಬೇಕು ಅಂತಿರಲಿಲ್ಲ," ಎಂದು ಮೋಹನ್‌ಬಾಬು ಮಣ್ಣಿನಲ್ಲೇ ಕುಸಿದ. ಕಾರ್ಡನ್ನು ಅವನು ಸುಟ್ಟುಹಾಕಿದ್ದ.

ಸಂಜೆ ಚೈತನ್ಯ ಕಣ್ಣು ಬಿಟ್ಟನೆಂದು ಆಸ್ಪತ್ರೆಯಿಂದ ಫೋನ್ ಬಂತು. ಹರಿತಾ ಅತ್ತು, ಮುಖ ಒರೆಸಿಕೊಂಡು, ಮೊದಲಿನಿಂದ ಎಣಿಸಲು ಗೇಟಿಗೆ ಹೊಸ ಕ್ಯಾಮೆರಾ ತಂದಳು; ಹಳೆಯದು ಪೊಲೀಸರ ವಶದಲ್ಲಿತ್ತು. ಹೊಸದಕ್ಕೆ ಕರೆಂಟು ಬೇಕಿತ್ತು. ವೆಂಕಟರಾಮಪ್ಪನವರು ತಮ್ಮ ಪಂಪ್‌ಸೆಟ್ ಮನೆಯಿಂದ ವೈರು ಎಳೆದುಕೊಟ್ಟರು.

"ಜಮೀನು ಬಿಡ್ತೀನಿ ಅಂದ್ಕೋಬೇಡ ಕಣಮ್ಮ," ಎಂದರು ಅವಳಿಗೆ. "ಲೆಕ್ಕ ನೆಟ್ಟಗೆ ಬರ್ಲಿ. ಆಮೇಲೆ ಕೋರ್ಟಲ್ಲಿ ಸಿಗಣ."