ಎಂಟನೆಯ ಹೋಲಿಕೆ

ಹದಿನೆಂಟು ವರ್ಷ ಕ್ವಿನೊಲಿನ್ ಗುಂಪಿನ ರಾಸಾಯನಿಕಗಳ ಹಿಂದೆ ಬಿದ್ದವನಿಗೆ, ನಿನ್ನೆ ಮೊನ್ನೆ ಪ್ರಯೋಗಾಲಯಕ್ಕೆ ಬಂದ ಹುಡುಗಿಯ ಅಜೋಲ್ ಗುಂಪಿನೆದುರು ಏಳು ಸಲ ಸೋಲುವುದೆಂದರೆ ಸಾಮಾನ್ಯ ಸಂಕಟವಲ್ಲ. ಮರಳುನೊಣ ಕಚ್ಚಿದಾಗ ಮೈ ಸೇರುವ ಪರೋಪಜೀವಿಗೆ ಮದ್ದು ಹುಡುಕುತ್ತಿದ್ದರು. ಅವನ ಪುಡಿ ನೂರಕ್ಕೆ ನಲವತ್ತನ್ನು ಕೊಂದರೆ ಅವಳದು ಎಂಬತ್ತನ್ನು ಕೊಲ್ಲುತ್ತಿತ್ತು. ಎಂಟನೆಯದೇ ಕೊನೆಯ ಹೋಲಿಕೆ. ಗೆದ್ದ ಗುಂಪು ರೋಗಿಗಳ ತನಕ ಹೋಗುತ್ತದೆ. ಸೋತದ್ದನ್ನು ಸುಟ್ಟು ಕಡತ ಮುಚ್ಚುತ್ತಾರೆ. ಇಷ್ಟೂ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ ಎಂದು ಅವನಿಗೆ ಅಳು ಬರುತ್ತಿತ್ತು.

"ಆ ಹುಳಗಳ ಜೊತೆ ಸಂಸಾರ ಮಾಡಿದ್ದು ಸಾಲ್ದೇನ್ರೀ? ಬಿಟ್ಟು ಬನ್ನಿ," ಎಂದಿದ್ದಳು ಹೆಂಡತಿ.

ಬಿಡುವುದು ಅವನಿಗೂ ಬೇಕಿತ್ತು. ಸೋತು ಬಿಡುವುದು ಬೇಕಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಉಪಾಯ ಅವನಿಗೆ ಹೊಳೆಯಿತು. ಎರಡೂ ಪುಡಿ ಬಿಳಿ, ಎರಡೂ ಸೀಸೆ ಒಂದೇ ಅಳತೆ, ಇರುವುದೂ ಒಂದೇ ಫ್ರೀಜರಿನಲ್ಲಿ. ಸೋಮವಾರ ನಿರ್ದೇಶಕರು ಹೆಸರಿನ ಚೀಟಿ ಕಿತ್ತು ಗುಟ್ಟಿನ ಸಂಖ್ಯೆ ಅಂಟಿಸುತ್ತಾರೆ, ಪರೀಕ್ಷೆ ಮಾಡುವವರಿಗೆ ಯಾವುದು ಯಾರದೆಂದು ತಿಳಿಯಬಾರದಲ್ಲ. ಅದಕ್ಕೂ ಮುಂಚೆ ಚೀಟಿಗಳು ಅದಲುಬದಲಾದರೆ ಅವಳ ಎಂಬತ್ತು ಇವನ ಲೆಕ್ಕಕ್ಕೆ ಬೀಳುತ್ತದೆ. ಕಿತ್ತ ಚೀಟಿಗಳ ಜೊತೆ ಸಾಕ್ಷಿಯೂ ಕಸದಬುಟ್ಟಿಗೆ ಹೋಗುತ್ತದೆ.

ಶನಿವಾರ ಎಲ್ಲರೂ ಊಟಕ್ಕೆದ್ದಾಗ ಉಗುರಿನಿಂದ ಎರಡೂ ಚೀಟಿಗಳ ಅಂಚು ಎಬ್ಬಿಸಿದ. ತಣ್ಣಗಿದ್ದ ಅಂಟು ಸಲೀಸಾಗಿ ಬಿಟ್ಟಿತು. ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಅಂಟಿಸಿದ. ಫ್ರೀಜರಿನ ಬಾಗಿಲು ಹಾಕುವಷ್ಟರಲ್ಲಿ ಹುಡುಗಿ ಇಣುಕಿದಳು.

"ಸರ್, ಇನ್ನೂ ಊಟ ಆಗಿಲ್ವಾ? ನಿಮಗೂ ಜಾಗ ಹಿಡಿದಿದ್ದೀನಿ."

"ಬರ್ತೀನಮ್ಮ, ನೀನು ನಡಿ."

ನಾಚಿಕೆಯಾಯಿತು. ಆದರೆ ಚೀಟಿಗಳನ್ನು ಮತ್ತೆ ಬದಲಿಸುವಷ್ಟು ತ್ರಾಣ ಅವನಲ್ಲಿರಲಿಲ್ಲ. ಕೈ ತೊಳೆದು ಅವಳ ಪಕ್ಕದಲ್ಲೇ ಕೂತು ಉಂಡ.

ಎರಡು ವಾರದ ಬಳಿಕ ಸಭೆಯಲ್ಲಿ ನಿರ್ದೇಶಕರು ಗುಟ್ಟಿನ ಸಂಖ್ಯೆಗಳ ಲಕೋಟೆ ಒಡೆದರು. "ಅಜೋಲ್, ನೂರಕ್ಕೆ ತೊಂಬತ್ತೇಳು. ಕ್ವಿನೊಲಿನ್, ಹನ್ನೊಂದು." ಹುಡುಗಿ ಬಾಯಿ ಮುಚ್ಚಿಕೊಂಡು ಅತ್ತಳು. ಚೀಟಿ ಬದಲಿಸಿದ್ದು ಸುಳ್ಳಲ್ಲ. ಹಾಗಾದರೆ ಆ ತೊಂಬತ್ತೇಳು ಅವನದೇ ಪುಡಿಯದು! "ಇಷ್ಟು ವ್ಯತ್ಯಾಸ ಹೇಗೆ ಸರ್?" ಎಂದು ಕೇಳಿದ. "ಇಲ್ಲಿ ಇಪ್ಪತ್ತು ವರ್ಷದಿಂದ ಗಾಜಿನ ನಳಿಗೇಲಿ ಸಾಕಿದ ಪರೋಪಜೀವಿ ಅಲ್ವಲ್ಲ ಇದು. ಈ ಸಲ ರೋಗಿಗಳಿಂದಲೇ ತರಿಸಿದ್ದು. ಸಾಕಿದ್ದಕ್ಕೂ ಅದಕ್ಕೂ ಅಜಗಜಾಂತರ. ಈ ಪರೀಕ್ಷೆಗೆ ಮುಂಚೆ ಕಳಿಸಿದ ಸೂಚನೆಯ ಕೊನೇ ಸಾಲಲ್ಲಿ ಹಾಕಿದ್ದೆ, ನೀವೂ ಸಹಿ ಮಾಡಿದ್ರಲ್ಲ," ಎಂದರು ನಿರ್ದೇಶಕರು. ಆಮೇಲೆ ಮೆಲ್ಲನೆ, "ಬೇಜಾರಾಗಬೇಡಿ. ಕ್ವಿನೊಲಿನ್ ಕಪಾಟು ಖಾಲಿ ಮಾಡಿ, ಸಂಜೆ ಗಾಡಿ ಬರುತ್ತೆ, ಸುಡೋಕೆ ಕಳಿಸಿಬಿಡೋಣ," ಎಂದರು.