ಷಡ್ಡಕನ ಟಾನಿಕ್

ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಷಡ್ಡಕ ಆ ಮಾತು ಆಡಿಬಿಟ್ಟ. "ಆ ಟ್ಯಾಕ್ಸಿ ಎಂಜಿನ್ ಕೆಟ್ಟಿದ್ದು ನನ್ನ ಟಾನಿಕ್‌ನಿಂದಲ್ಲ ಮಾವ, ಅಣ್ಣನ ಕೈಗುಣದಿಂದ!" ಅಣ್ಣ ಎಂದದ್ದು ಎದುರು ಕೂತಿದ್ದ ಮೆಕ್ಯಾನಿಕ್‌ಗೆ. ಎಲ್ಲರೂ ನಕ್ಕರು. ಮೆಕ್ಯಾನಿಕ್‌ನ ಹೆಂಡತಿಯೂ ನಕ್ಕಳು. ಮೆಕ್ಯಾನಿಕ್ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಟಾನಿಕ್ ಎಂದರೆ ಎಂಜಿನ್ ಆಯಿಲ್‌ಗೆ ಬೆರೆಸುವ ಆಡಿಟಿವ್. ಮೆಕ್ಯಾನಿಕ್‌ನ ಹೆಂಡತಿಯ ತಂಗಿಯ ಗಂಡನಾದ ಷಡ್ಡಕ ಅದನ್ನು ಊರೆಲ್ಲ ಮಾರಿಕೊಂಡು ಬರುತ್ತಿದ್ದ. ಸದ್ದು ಅಡಗುತ್ತದಂತೆ, ಸವೆತ ನಿಲ್ಲುತ್ತದಂತೆ, ಮುದಿ ಎಂಜಿನ್‌ಗೆ ಪ್ರಾಯ ಬರುತ್ತದಂತೆ! ಒಳ್ಳೆಯ ಆಯಿಲ್‌ನಲ್ಲಿ ಬೇಕಾದದ್ದೆಲ್ಲ ಮೊದಲೇ ಇರುತ್ತದೆ, ಮೇಲೆ ಇನ್ನೇನೋ ಸುರಿದರೆ ಹದ ಕೆಡುತ್ತದೆ, ಕೆಸರು ಕಟ್ಟುತ್ತದೆ ಎಂದು ಮೆಕ್ಯಾನಿಕ್ ಬಾಯಿ ಬಡಿದುಕೊಂಡ. ಕೇಳುವವರು ಯಾರು? ಟಾನಿಕ್ ಹಾಕಿಸಿಕೊಂಡ ಆ ಟ್ಯಾಕ್ಸಿಯ ಎಂಜಿನ್ ಕೆಸರು ಕಟ್ಟಿಯೇ ಸತ್ತಿತು, ಅಪವಾದ ಮಾತ್ರ ರಿಪೇರಿ ಮಾಡಿದವನ ತಲೆಗೆ ಬಂತು. ಗ್ಯಾರೇಜು ಬಿಕೋ ಎನ್ನತೊಡಗಿತು.

ಇಷ್ಟಾದರೂ ಷಡ್ಡಕ ಆಯಿಲ್ ಬದಲಾಯಿಸಲು ಕಾರು ತರುತ್ತಿದ್ದದ್ದು ಇವನ ಬಳಿಗೇ. ಭಂಡ! ಹಿಂದಿನ ಗಾಜಿನ ಮೇಲೆ 'ನಾನೂ ಟಾನಿಕ್ ಕುಡಿಯುತ್ತೇನೆ' ಎಂದು ಬೇರೆ ಬರೆಸಿಕೊಂಡಿದ್ದ. ಮೆಕ್ಯಾನಿಕ್‌ಗೆ ಸೇಡಿನ ದಾರಿ ತೋರಿಸಿದ್ದೇ ಆ ಬರಹ. ವಾಲ್ವ್ ತಿಕ್ಕುವ ಪೇಸ್ಟ್ ಬೆರಳಿಗೆ ನುಣ್ಣನೆ ಮರಳಿನಂತೆ ಹತ್ತುತ್ತದೆ. ಹೊಸ ಆಯಿಲ್ ಜೊತೆ ಅದು ಒಳಗೆ ಇಳಿದರೆ ಬೇರಿಂಗುಗಳನ್ನು ತಿಂದು ಎಂಜಿನ್ನನ್ನು ಬಿಗಿದು ನಿಲ್ಲಿಸುತ್ತದೆ. ಅದನ್ನೇ ಡಿಕ್ಕಿಯಲ್ಲಿದ್ದ ತೆರೆದ ಟಾನಿಕ್ ಸೀಸೆಗೂ ಕಲಸಿಟ್ಟರೆ ಆಯಿತು. ಯಾರು ಪರೀಕ್ಷಿಸಿದರೂ ಎರಡೂ ಕಡೆ ಒಂದೇ ಪುಡಿ, ತಪ್ಪು ಟಾನಿಕ್‌ನದೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಲೆಕ್ಕ ಸುಲಭವಾಗಿತ್ತು. ಸೀಸೆಗೆ ಕಲಸಿಟ್ಟ; ಪೇಸ್ಟ್ ಬೆರೆಸಿದ ಆಯಿಲ್ ಸುರಿಯುವಾಗ ಬಾಗಿಲ ಕಡೆಯೇ ನೋಡುತ್ತಾ ಎಂಜಿನ್ ಮೇಲೆಲ್ಲ ಚೆಲ್ಲಿದ. ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ.

"ಏನಣ್ಣ, ಮುಖ ಬಿಳಿಚ್ಕೊಂಡಿದೆ? ಜ್ವರಾನಾ?" ಕೀ ತೆಗೆದುಕೊಳ್ಳುತ್ತಾ ಷಡ್ಡಕ ಕೇಳಿದ.

"ಊಟ ಮಾಡಿಲ್ಲ ಕಣೋ."

ಆಮೇಲೂ ಊಟ ಸೇರಲಿಲ್ಲ. ಫೋನ್ ಗುಂಯ್ ಎಂದರೂ ಬೆಚ್ಚಿಬೀಳುತ್ತಿದ್ದ. ಯಾವುದೋ ಅಂಗಡಿಯ ಎದುರು, ಗಿರಾಕಿಗಳ ಕಣ್ಣೆದುರೇ ಕಾರು ಕೆಟ್ಟು ನಿಲ್ಲಲಿ, ಅವನ ಮಾನ ಹೋಗಲಿ, ಇವನಿಗೆ ಬೇಕಿದ್ದದ್ದು ಇಷ್ಟೇ. ಆದರೆ ಅದು ನಿಂತದ್ದು ಹೆದ್ದಾರಿಯ ನಡುವೆ. ಹಿಂದಿನಿಂದ ಲಾರಿ ಗುದ್ದಿತು. "ಭಾವ, ಬೇಗ ಬನ್ನಿ ಭಾವ" ಎಂದು ನಾದಿನಿ ಫೋನಿನಲ್ಲಿ ಅತ್ತಾಗ ಇವನ ಜೀವ ಬಾಯಿಗೆ ಬಂತು. ಸತ್ತೇಹೋದನೇ? ಇಲ್ಲ, ಎರಡೂ ಕಾಲು ಮುರಿದಿತ್ತು, ಉಸಿರಿತ್ತು. ಮೆಕ್ಯಾನಿಕ್ ಆಸ್ಪತ್ರೆಯ ಗೋಡೆಗೆ ಒರಗಿ ಅತ್ತುಬಿಟ್ಟ. ಎಷ್ಟು ಪ್ರೀತಿ ನೋಡಿ ಎಂದು ಮಾವ ಎಲ್ಲರಿಗೂ ಹೇಳಿದರು.

ಪೊಲೀಸರು ಎಂಜಿನ್ ಬಿಚ್ಚಿಸಿದರು, ಪುಡಿ ಸಿಕ್ಕಿತು. ಸೀಸೆಯಲ್ಲೂ ಸಿಕ್ಕಿತು. ಇನ್ಸ್‌ಪೆಕ್ಟರ್ ವಾರ್ಡಿಗೆ ಬಂದು ಮಂಚದ ಪಕ್ಕ ನಿಂತಾಗ, ಯಾರೂ ಕೇಳದಿದ್ದರೂ ಮೆಕ್ಯಾನಿಕ್‌ನ ಬಾಯಿ ತಾನಾಗಿ ಓಡಿತು. "ನಾನು ಮೊದಲಿಂದ ಹೇಳ್ತಾನೇ ಇದ್ದೆ ಸಾರ್. ಆ ಟಾನಿಕ್ ಹಾಕಿದ್ರೆ ಎಂಜಿನ್ ಉಳಿಯಲ್ಲ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತೇ ಎಂದು ಬೆವರಿದ. ಇಲ್ಲ, ಇನ್ಸ್‌ಪೆಕ್ಟರ್ ತಲೆದೂಗಿದರು. ಅವರಿಗೂ ಹಾಗೇ ಅನ್ನಿಸಿತ್ತು. ಎಷ್ಟೋ ದಿನದ ಮೇಲೆ ಅವನ ಹೊಟ್ಟೆ ಹಸಿಯಿತು.

"ಅದನ್ನ ಕೊನೇ ಸಲ ಯಾವಾಗ ಹಾಕಿದ್ರಿ?" ಇನ್ಸ್‌ಪೆಕ್ಟರ್ ಷಡ್ಡಕನನ್ನು ಕೇಳಿದರು. ಷಡ್ಡಕ ಹೆಂಡತಿಯ ಮುಖ ನೋಡಿದ, ಮೆಕ್ಯಾನಿಕ್‌ನ ಮುಖ ನೋಡಿದ, ನಾಚಿ ಕಣ್ಣು ಕೆಳಗೆ ಮಾಡಿದ. "ವ್ಯಾಪಾರ ಹಾಳಾದ್ರೂ ಹೋಗ್ಲಿ, ನಿಜ ಹೇಳ್ತೀನಿ ಸಾರ್. ಅದು ಮಾರೋಕೆ ಮಾತ್ರ, ಸೀಸೆ ತೆರೆದಿದ್ದು ಗಿರಾಕಿಗಳಿಗೆ ತೋರಿಸೋಕೆ. ಅಣ್ಣ ಹೇಳೋದೇ ಸರಿ ಅಂತ ನಂಗೆ ಯಾವತ್ತೋ ಗೊತ್ತು. ಅಣ್ಣನ ಕೈಯಿಂದ ಬಿದ್ದ ಆಯಿಲ್ ಬಿಟ್ರೆ ನನ್ನ ಎಂಜಿನ್‌ಗೆ ಬೇರೆ ಒಂದು ತೊಟ್ಟೂ ಹೋಗಿಲ್ಲ."