ನೂರ ನಲವತ್ತಮೂರನೆಯ ಪುಟ

"ಈ ಪುಟದ ಮೂಲೆ ಮಡಚಿದವರು ಯಾರು?"

ಅವಳು ಅವನ ಜೊತೆ ಆಡಿದ ಮೊದಲ ಮಾತು ಅದೇ. ಅವಳು ಲೈಬ್ರರಿಯ ಬೈಂಡರ್. ಹಿಂಭಾಗದ ಕೋಣೆಯಲ್ಲಿ ಅಂಟಿನ ಡಬ್ಬಿ, ಸೂಜಿ, ದಾರಗಳ ನಡುವೆ ಕೂತು ಹರಿದ ಪುಸ್ತಕಗಳಿಗೆ ಜೀವ ಕೊಡುವವಳು. ಅವನು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇ-ಬುಕ್ ಮಾಡಲು ಅಂದೇ ಕೆಲಸಕ್ಕೆ ಸೇರಿದವನು.

"ನಾನೇ. ಗುರುತಿಗೆ ಅಂತ ಮಡಚಿದೆ."

"ಪುಟದ ಕಿವಿ ಹಿಂಡೋರ ಕಿವೀನೇ ಹಿಂಡಬೇಕು."

ಅವನು ಬಗ್ಗಿ ಕಿವಿಯನ್ನು ಅವಳತ್ತ ಚಾಚಿದ. ನಗು ಮುಚ್ಚಿಕೊಳ್ಳಲು ಅವಳು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದಳು. ಸೂಜಿಯಲ್ಲಿ ದಾರ ಆಗಲೇ ಇತ್ತು. ಅದನ್ನು ಅವನು ನೋಡಿಬಿಟ್ಟ.

ಅದು ನಾನೂರ ಹನ್ನೆರಡು ಪುಟದ ಹಳೆಯ ಕಾದಂಬರಿ. ಬೆನ್ನು ಕತ್ತರಿಸಿ ಹಾಳೆ ಬಿಡಿಸಿದರೆ ಸ್ಕ್ಯಾನಿಂಗ್ ಒಂದು ಗಂಟೆಯ ಕೆಲಸ ಎಂದ ಅವನು. ಹಾಗಾದರೆ ಮೊದಲು ನಿಮ್ಮ ಬೆನ್ನು ಕತ್ತರಿಸುತ್ತೇನೆ ಎಂದಳು ಅವಳು. ಕೊನೆಗೆ ಅವಳೇ ಪಕ್ಕದಲ್ಲಿ ಕೂತು ಒಂದೊಂದೇ ಪುಟವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಅವನು ಚಿತ್ರ ತೆಗೆದ. ಗಂಟೆಯ ಕೆಲಸ ವಾರ ಹಿಡಿಯಿತು. ಇಬ್ಬರಿಗೂ ಅದರ ಬಗ್ಗೆ ತಕರಾರಿರಲಿಲ್ಲ.

"ಇನ್ನು ಇಪ್ಪತ್ತು ವರ್ಷಕ್ಕೆ ಕಾಗದದ ಪುಸ್ತಕಾನೇ ಇರಲ್ಲ, ಸೂಜಿ ಮೇಡಂ."

"ಕರೆಂಟ್ ಹೋದ್ರೆ ನಿಮ್ಮ ಪುಸ್ತಕ ಇವತ್ತೇ ಇರಲ್ಲ, ಕರೆಂಟ್ ಸಾಹೇಬ್ರೇ."

"ಗೆದ್ದಲು ಹಿಡಿದ್ರೆ ನಿಮ್ಮದು?"

ಅವಳು ಉತ್ತರ ಹುಡುಕುವಷ್ಟರಲ್ಲಿ ಹೆಬ್ಬೆರಳು ಜಾರಿ ಚಿತ್ರದೊಳಗೇ ಬಂದುಬಿಟ್ಟಿತು. "ಅಯ್ಯೋ, ಇದನ್ನ ಇನ್ನೊಂದ್ಸಲ ತೆಗೀರಿ. ಉಗುರಲ್ಲೆಲ್ಲ ಅಂಟು ಮೆತ್ತಿದೆ."

"ಆಮೇಲೆ ತೆಗೀತೀನಿ ಬಿಡಿ" ಎಂದ.

ಎಂಟು ತಿಂಗಳು ಹೀಗೆ ಜಗಳದಲ್ಲೇ ಚೆನ್ನಾಗಿ ಕಳೆಯಿತು. ಆಮೇಲೆ ಅವನ ರಕ್ತದಲ್ಲಿ ಕಾಯಿಲೆ ಕಾಣಿಸಿತು. ಅವನ ಅಕ್ಕನ ಮೂಳೆಮಜ್ಜೆ ಹೊಂದುತ್ತದೆ, ಅದನ್ನು ಹಾಕಿ ನೋಡೋಣ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಬೈಂಡಿಂಗ್ ಕೋಣೆಗೆ ಬಂದು, ಮೇಜಿನ ಮೇಲಿನ ದಾರದುಂಡೆಯನ್ನು ಅತ್ತಿತ್ತ ಉರುಳಿಸುತ್ತ ನಿಂತ.

"ವಾಸಿಯಾಗಿ ಬಂದ್ಮೇಲೆ ಕೇಳೋಣ ಅಂತಿದ್ದೆ. ಬೇಡ, ಈಗಲೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅವಳ ನಾಲಿಗೆ ಅಂಟು ಹಾಕಿದಂತೆ ಕಚ್ಚಿಕೊಂಡಿತು. ಅವಳ ಅಪ್ಪ ಅಂಥದೇ ವಾರ್ಡಿನೊಳಗೆ ನಡೆದುಕೊಂಡು ಹೋದವರು ನಡೆದುಕೊಂಡು ಹೊರಗೆ ಬರಲಿಲ್ಲ. ಹೂಂ ಎಂದರೆ ಇವನು ತನ್ನವನಾಗುತ್ತಾನೆ. ತನ್ನವನಾದ ಮೇಲೆ ಕಳೆದುಕೊಂಡರೆ?

ಅವನಿಗೆ ಅರ್ಥವಾಯಿತೇನೋ. "ನಾವು ಸ್ಕ್ಯಾನ್ ಮಾಡಿದ ಆ ಕಾದಂಬರಿ ನಾನು ಒಳಗೆ ಓದ್ತೀನಿ, ನೀವು ಹೊರಗೆ ಓದಿ. ಓದಿ ಮುಗಿಸಿದ ದಿನ ಉತ್ತರ ಹೇಳಿ" ಎಂದು ನಕ್ಕು ಹೋದ.

ಅವಳು ಅದೇ ಕಾದಂಬರಿಯನ್ನು ಬಿಚ್ಚಿ, ಮತ್ತೆ ಹೊಲಿದು, ನೀಲಿ ಬಟ್ಟೆಯ ರಟ್ಟು ಹಾಕಿ ಎರಡೇ ದಿನಕ್ಕೆ ಆಸ್ಪತ್ರೆಗೆ ಒಯ್ದಳು. ನರ್ಸ್ ಬಾಗಿಲಲ್ಲೇ ತಡೆದಳು.

"ಪುಸ್ತಕ ಒಳಗೆ ಬಿಡಲ್ಲಮ್ಮ. ಹಳೇ ಕಾಗದದಲ್ಲಿ ಧೂಳು, ಬೂಷ್ಟು ಇರುತ್ತೆ. ಅವರಿಗೆ ಅಷ್ಟೇ ಸಾಕು, ಜೀವಕ್ಕೆ ಕುತ್ತು."

ತಾನು ಕೈಯಾರೆ ಹೊಲಿದದ್ದು ಅವನ ಜೀವಕ್ಕೆ ಕುತ್ತು! ಹೊರಗಿನ ಬೆಂಚಿನಲ್ಲಿದ್ದ ಅವನ ಅಕ್ಕ ಎದ್ದು ಬಂದು ಒಂದು ಟ್ಯಾಬ್ ಕೊಟ್ಟರು. "ಇಂಥದೇ ಇನ್ನೊಂದು ಅವನ ಹತ್ರ ಇದೆ ಕಣಮ್ಮ, ದಿನಾ ಸ್ಪಿರಿಟ್ಟಲ್ಲಿ ಒರೆಸಿ ಕೊಡ್ತಾರೆ. ಇದರಲ್ಲೂ ಅವನದೇ ಲಾಗಿನ್ ಹಾಕಿದೀನಿ. ನಿನಗೆ ಕೊಡು ಅಂದ."

ಮನೆಗೆ ಬಂದು ತೆರೆದಾಗ ಪರದೆಯ ಮೇಲೆ ಒಂದು ಸಾಲು ಮೂಡಿತು. 'ಇನ್ನೊಂದು ಟ್ಯಾಬ್‌ನಲ್ಲಿ ನೀವು 31ನೇ ಪುಟದಲ್ಲಿದ್ದೀರಿ. ಅಲ್ಲಿಗೆ ಹೋಗಬೇಕೇ?'

ಅವಳು 'ಬೇಡ' ಒತ್ತಿ ಮೊದಲ ಪುಟದಿಂದ ಶುರುಮಾಡಿದಳು. ಬೇಗ ಓದಿದರೆ ಬೇಗ ಉತ್ತರ ಕೊಡಬೇಕಲ್ಲ. ಆದರೆ ಪ್ರತಿದಿನ ಆ ಸಾಲಿಗಾಗಿ ಕಾದಳು. ಅವನ ಬಾಯಿ ತುಂಬ ಹುಣ್ಣಾಗಿ ಮಾತು ನಿಂತಿತ್ತು, ಬೆರಳು ನಡುಗಿ ಮೆಸೇಜ್ ಬರೆಯಲು ಆಗುತ್ತಿರಲಿಲ್ಲ. ಪುಟ ತಿರುಗಿಸುವುದು ಮಾತ್ರ ಆಗುತ್ತಿತ್ತು. 58. 90. 117. ಪುಟ ಮುಂದೆ ಹೋದರೆ ಅವನು ಇದ್ದಾನೆ ಎಂದರ್ಥ.

143ಕ್ಕೆ ಬಂದು ನಿಂತುಬಿಟ್ಟಿತು.

ಒಂದು ದಿನ, ನಿದ್ದೆ ಬಂದಿರಬೇಕು ಎಂದುಕೊಂಡಳು. ಎರಡನೆಯ ದಿನ, ಸುಸ್ತಿರಬೇಕು ಎಂದುಕೊಂಡಳು. ಮೂರನೆಯ ದಿನ ಅಕ್ಕನ ಮೆಸೇಜ್ ಬಂತು. "ಜ್ವರ ಇಳೀತಿಲ್ಲ. ಕಣ್ಣು ಬಿಡ್ತಿಲ್ಲ." ಆ ದಿನ ಲೈಬ್ರರಿಯಲ್ಲಿ ಅವಳು ಹದಿನಾರು ಪುಟಗಳ ಒಂದು ಕಟ್ಟನ್ನೇ ತಲೆಕೆಳಗಾಗಿ ಹೊಲಿದಳು. ಇಷ್ಟು ವರ್ಷದಲ್ಲಿ ಹಾಗೆಂದೂ ಆಗಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಟ್ಯಾಬ್ ಕೈಗೆತ್ತಿಕೊಂಡಳು. ಪರದೆಯ ಮೇಲೆ 290ನೇ ಪುಟ!

"ಅಮ್ಮಾ! ಓದಿದ್ದಾರಮ್ಮಾ! ಒಂದೇ ಸಲ ಇಷ್ಟೊಂದು ಓದಿದ್ದಾರೆ!"

ಅಮ್ಮ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಬಂದರು. "ಅದಾ? ಧೂಳು ಕೂತಿತ್ತು ಅಂತ ನಾನೇ ಒರೆಸಿದೆ ಕಣೆ. ಪುಟಗಳೆಲ್ಲ ಸರ್ರಂತ ಓಡಿಹೋದ್ವು. ಕೆಟ್ಟೋಯ್ತಾ?"

ಬಂದ ಜೀವ ಮತ್ತೆ ಹೋಯಿತು. ಅವಳು ನೆಲದ ಮೇಲೇ ಕುಸಿದು ಅತ್ತಳು. ಅಮ್ಮ ಪಕ್ಕದಲ್ಲಿ ಕೂತರು.

"ನಿಮ್ಮಪ್ಪ ಆಸ್ಪತ್ರೆಗೆ ಹೋದಾಗ ನಾನೂ ಒಂದು ಮಾತು ಹೇಳಬೇಕಿತ್ತು. ಬಂದ್ಮೇಲೆ ಹೇಳಿದ್ರಾಯ್ತು ಅಂತ ಇಟ್ಕೊಂಡೆ. ಇನ್ನೂ ಇಟ್ಕೊಂಡೇ ಇದೀನಿ."

"ಏನಮ್ಮಾ ಅದು?"

"ನಿನಗ್ಯಾಕೆ ಹೇಳ್ಲಿ? ಅವರಿಗೆ ಹೇಳಬೇಕಾದ ಮಾತು ಅದು."

ಅಮ್ಮ ಎದ್ದು ಹೋದ ಮೇಲೆ ಅವಳು ಕಣ್ಣೊರೆಸಿಕೊಂಡಳು. ತಾನು ನೂರ ಇಪ್ಪತ್ತನೆಯ ಪುಟದ ಆಚೆ ಓದಿರಲಿಲ್ಲ. ಅವನು ಎಲ್ಲಿ ನಿಂತಿದ್ದಾನೋ ಅಲ್ಲಿಯವರೆಗಾದರೂ ಹೋಗಬೇಕೆಂದು ನೂರ ನಲವತ್ತಮೂರನ್ನು ತೆರೆದಳು.

ಪುಟದ ಅಂಚಿನಲ್ಲಿ ಅವಳದೇ ಹೆಬ್ಬೆರಳು. ಉಗುರಿನ ಸುತ್ತ ಒಣಗಿದ ಅಂಟು.

ಆಮೇಲೆ ತೆಗೀತೀನಿ ಎಂದವನು ತೆಗೆದಿರಲೇ ಇಲ್ಲ. ನಾನೂರು ಪುಟಗಳಲ್ಲಿ ಇದೊಂದನ್ನು ಹಾಗೇ ಉಳಿಸಿಕೊಂಡಿದ್ದ. ಜ್ವರ ಏರುವಾಗ ಅವನು ಕೊನೆಗೆ ನೋಡುತ್ತಿದ್ದದ್ದು ಇದನ್ನೇ.

ಪುಸ್ತಕದಲ್ಲಿ ಪೆನ್ಸಿಲ್ ಚುಕ್ಕೆ ಕಂಡರೂ ಕೆಂಡವಾಗುತ್ತಿದ್ದವಳು, ಆ ಅಂಚಿನಲ್ಲಿ ಬೆರಳಿಟ್ಟು ಒತ್ತಿದಳು. ಅವನ ಟ್ಯಾಬಿನಲ್ಲೂ ಕಾಣುವ ಟಿಪ್ಪಣಿಯ ಚೌಕ ತೆರೆದುಕೊಂಡಿತು.

'ಹೂಂ. ಪುಸ್ತಕ ಮುಗಿಯೋವರೆಗೆ ಕಾಯಲ್ಲ. ತುಂಬಾ ಭಯ ಆಗ್ತಿದೆ. ಆದ್ರೂ ಹೂಂ.'

ಅಂದಿನಿಂದ ಟ್ಯಾಬನ್ನು ಅಮ್ಮನ ಕೈಗೆ ಸಿಗದಂತೆ ಜೊತೆಗೇ ಇಟ್ಟುಕೊಂಡಳು. ಒಂದು ದಿನ ಕಳೆಯಿತು. ಎರಡು ಕಳೆಯಿತು. ಅಕ್ಕನ ಫೋನ್ ಬಂದರೆ ಭಯ, ಬಾರದಿದ್ದರೆ ಇನ್ನೂ ಭಯ.

ಮೂರನೆಯ ಮಧ್ಯಾಹ್ನ, ಅಂಟಿನ ಕೈ ಒರೆಸಿಕೊಂಡು ಟ್ಯಾಬ್ ತೆರೆದಳು. ಅದೇ ಪುಟ, ಅದೇ ಹೆಬ್ಬೆರಳು. ಆದರೆ ಪುಟದ ಮೇಲಿನ ಮೂಲೆಯಲ್ಲಿ ಏನೋ ಬದಲಾಗಿತ್ತು. ಕಣ್ಣುಜ್ಜಿಕೊಂಡು ನೋಡಿದಳು.

ಮೂಲೆ ಮಡಚಿತ್ತು.

ಗುರುತು ಇಟ್ಟರೆ ಈ ಪುಸ್ತಕಗಳಲ್ಲೂ ಮೂಲೆ ಮಡಚುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ನಗುತ್ತ ಅಳುತ್ತ ಪರದೆಯ ಆ ಮೂಲೆಯನ್ನು ಸವರಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಕಣ್ಣು ಬಿಟ್ಟ ಕಣಮ್ಮ!" ಎಂದರು ಅಕ್ಕ. "ಜ್ವರ ಸ್ವಲ್ಪ ಇಳಿದಿದೆ. ಡಾಕ್ಟರು ಇನ್ನೂ ಏನೂ ಹೇಳೋಕೆ ಆಗಲ್ಲ ಅಂತಾರೆ. ನೀರು ಕೂಡ ಬೇಡ ಅಂದ, ಮೊದಲು ಸನ್ನೆ ಮಾಡಿ ಕೇಳಿದ್ದು ಆ ಟ್ಯಾಬನ್ನ."

ನೀಲಿ ರಟ್ಟಿನ ಕಾದಂಬರಿ ಕಪಾಟಿನಲ್ಲಿ ಅವನಿಗಾಗಿ ಕಾದಿತ್ತು. ಯಾವ ಪುಸ್ತಕ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದಕ್ಕಾದರೂ ಅವನು ಬರಬೇಕು. ಭಯ ಎದೆಯಲ್ಲಿ ಹಾಗೇ ಇತ್ತು. ಓದಲು ಇನ್ನೂ ಇನ್ನೂರ ಅರವತ್ತೆಂಟು ಪುಟಗಳಿದ್ದವು.

ಪರದೆಯ ಮೇಲೆ ಸಾಲು ಮೂಡಿತು. 'ಇನ್ನೊಂದು ಟ್ಯಾಬ್‌ನಲ್ಲಿ ನೀವು 144ನೇ ಪುಟದಲ್ಲಿದ್ದೀರಿ. ಅಲ್ಲಿಗೆ ಹೋಗಬೇಕೇ?'

ಅವಳು ಮೊದಲ ಬಾರಿಗೆ 'ಹೌದು' ಒತ್ತಿದಳು.